ಹೊಗಳಿಕೆಯೆಲ್ಲ ಜೋಳಕ್ಕೆ

ಬ್ರೂಸ್‌ಪೇಟೆಯ ಖಾನಾವಳಿಯ ಮುಂದೆ ಹಾಯುವಾಗ ಹಂಚಿನ ಮೇಲೆ ಉಬ್ಬುವ ಜೋಳದ ರೊಟ್ಟಿಯ ವಾಸನೆ ಬಂದರೆ ನನಗೆ ಹಸಿವಿಗಿಂತ ಮೊದಲು ಸಿಟ್ಟು ಬರುತ್ತದೆ. ಅದೇ ಬೀದಿಯಲ್ಲಿದ್ದ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಬಟ್ಟೆ ಅಂಗಡಿಗಳು ಎದ್ದಿವೆ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಪಡಸಾಲೆಯಲ್ಲಿ ತಾತ, ದೊಡ್ಡಪ್ಪ, ಅಪ್ಪ ಸಾಲಾಗಿ ಉಣ್ಣಲು ಕೂರುತ್ತಿದ್ದರು. ಅವ್ವ ಒಳಗೆ ಒಲೆಯ ಹೊಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನ್ನು ಬಿಸಿಬಿಸಿ ಇರುವಾಗಲೇ ಒಯ್ದು ಬಡಿಸುವ ಹುಡುಗಿ ನಾನು. ತಾತ ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ನಮ್ಮ ಕುರುಗೋಡು ಹೊಲದ ಜ್ವಾಳ ಅಂದ್ರ ಜ್ವಾಳ ನೋಡ್ರಲೇ!" ಎನ್ನುತ್ತಿದ್ದ. ದೊಡ್ಡಪ್ಪನ ಮೆಚ್ಚುಗೆಯೆಲ್ಲ ಹಿಟ್ಟು ಬೀಸಿಕೊಟ್ಟ ಕೌಲ್ ಬಜಾರಿನ ಗಿರಣಿಯವನಿಗೆ. ಅಪ್ಪ ತಲೆ ಎತ್ತದೆ ಉಂಡು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೋಗುತ್ತಿದ್ದ. ಹೊಲಕ್ಕೆ ಮಾನ, ಗಿರಣಿಗೆ ಮಾನ. ಅಂಗೈ ಕೆಂಪಾಗುವ ಹಾಗೆ ಬಡಿದವಳಿಗೆ ಒಂದು ಮಾತೂ ಇಲ್ಲ. ಎಂಥ ಜನ! ನಿಮ್ಮ ಮನೆಯಲ್ಲೂ ಹೀಗೇ ಇತ್ತೇನೋ.

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಜ್ವಾಳ ತಾನ ರೊಟ್ಟಿ ಆಗ್ತೈತೇನು ತಾತ? ನಮ್ಮವ್ವ ಬಡದಾಳ. ಆಕಿ ರೊಟ್ಟಿ ಚಲೋ ಅದಾವ ಅನ್ರಿ," ಎಂದುಬಿಟ್ಟೆ. ಅಪ್ಪ ತಲೆ ಎತ್ತದೆ ಇನ್ನೊಂದು ತುತ್ತು ಮುರಿದುಕೊಂಡ. ದೊಡ್ಡಪ್ಪ ಕೆಂಗಣ್ಣು ಬಿಟ್ಟು, "ಹೆಣ್ಮಕ್ಕಳನ್ನ ಹೊಗಳಿದ್ರ ಮನಿ ಉದ್ಧಾರ ಆದಂಗ! ಒಳಗ ನಡಿಯಲೇ," ಎಂದು ಗದರಿದ. ತಾತ ಇನ್ನೊಂದು ರೊಟ್ಟಿ ಕೇಳಿದ, ಅಷ್ಟೇ.

ಅವ್ವನೂ ಬೈಯುತ್ತಾಳೆಂದು ಹೆದರುತ್ತಲೇ ಒಳಗೆ ಹೋದೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಹಿಟ್ಟಿನ ಕೈಯಲ್ಲೇ ನನ್ನನ್ನು ಎಳೆದು ತಬ್ಬಿಕೊಂಡಳು. ಹೊರಗೆ ಕೇಳಿಸೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳು ಹಾಗೆ ಮೈಯೆಲ್ಲ ಕುಲುಕಿ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ತಾತನಿಗೆ ಹೋಗಬೇಕಿದ್ದ ರೊಟ್ಟಿಗೆ ಬೆಣ್ಣೆ ಸವರಿ, "ಮೊದಲ ನೀ ತಿನ್ನವ್ವ," ಎಂದು ತುತ್ತು ಮುರಿದು ಅವಳ ಬಾಯಿಗಿಟ್ಟೆ. ಅವಳ ಪಾಲಿಗೆ ಯಾವಾಗಲೂ ಉಳಿಯುತ್ತಿದ್ದದ್ದು, ಎಲ್ಲರೂ ಉಂಡೆದ್ದ ಮೇಲಿನ ತಣ್ಣನೆಯ ರೊಟ್ಟಿ. ಅವ್ವ ನಿಧಾನವಾಗಿ ಅಗಿದಳು. ಕಣ್ಣು ತುಂಬಿ ಬಂತು.

"ಮದಿವ್ಯಾಗಿ ಈ ಮನಿಗೆ ಬಂದ ಮ್ಯಾಲ ನಾ ಬಿಸಿ ರೊಟ್ಟಿ ತಿಂದಿದ್ದಿಲ್ಲವ್ವ," ಎಂದಳು.

ಹೊರಗೆ ರೊಟ್ಟಿ ತಡವಾಯಿತೆಂದು ತಾತ ಕೂಗುತ್ತಿದ್ದ. ಕೂಗಲಿ ಎಂದು ನಾನು ಅವಳಿಗೆ ಪೂರ್ತಿ ತಿನ್ನಿಸಿಯೇ ಎದ್ದೆ. ವರ್ಷಗಳು ಕಳೆದು ಅವರೆಲ್ಲ ತೀರಿಹೋದರು, ಅವ್ವನೂ ಹೋದಳು. ಒಂದು ಬಿಸಿ ರೊಟ್ಟಿಗೆ ಅಷ್ಟೊಂದು ಸಂತೋಷಪಡುವ ಹಾಗೆ ಅವಳನ್ನು ಇಟ್ಟಿದ್ದರಲ್ಲ, ಅದನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.