ಗೀಟಕ್ಕ ಸೈಕಲ್ಲಿಗೆ ಬಣ್ಣ ಹೊಡೆದದ್ದು

ಗೀಟಕ್ಕ ಯಾರು ಎಂದು ಆ ಪೇಟೆಯಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ತಲೆಯೆತ್ತಿ ನೋಡಿದರೆ ಸಾಕಿತ್ತು. ಹಲ್ಲಿನ ಡಾಕ್ಟರ ಬೋರ್ಡು, ಕ್ಷೌರದಂಗಡಿಯ ಬೋರ್ಡು, ಶಾಲೆಯ ಗೇಟಿನ ಮೇಲಿನ ಬೋರ್ಡು, ಎಲ್ಲದರ ಮೇಲೂ ಅವಳದೇ ಅಕ್ಷರ. ಸ್ಕೇಲು ಇಡದೆ, ದಾರ ಹಿಡಿಯದೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಗೀಟೆಳೆಯುತ್ತಿದ್ದಳು. ಅನುಮಾನ ಬಂದು ಯಾರಾದರೂ ಸ್ಕೇಲು ತಂದಿಟ್ಟರೆ ಸ್ಕೇಲೇ ಸೊಟ್ಟಗಿದೆಯೇನೋ ಅನ್ನಿಸುತ್ತಿತ್ತು. ಹಾಗಾಗಿ ಹುಟ್ಟಿದಾಗ ಇಟ್ಟ ಹೆಸರು ಮೂಲೆಗೆ ಬಿದ್ದು ಗೀಟಕ್ಕ ಎಂಬುದೇ ನಿಂತುಬಿಟ್ಟಿತು. ತಲೆಗೂದಲು ಅರ್ಧ ನರೆತಿತ್ತು, ಉಳಿದರ್ಧಕ್ಕೆ ಸದಾ ಯಾವುದಾದರೊಂದು ಬಣ್ಣ ಮೆತ್ತಿಕೊಂಡಿರುತ್ತಿತ್ತು.

ಅವಳು ಕೆಲಸ ಮಾಡುವ ಬೋರ್ಡಿನ ಕಾರ್ಖಾನೆ ಅವಳ ಬೀದಿಯ ಕೊನೆಯಲ್ಲೇ ಇದ್ದುದರಿಂದ ಮದುವೆಯಾಗಿ ಬಂದ ಲಾಗಾಯ್ತು ನಡೆದೇ ಹೋಗಿ ಬರುತ್ತಿದ್ದಳು. ಈಗ ಆ ಜಾಗ ಸಾಲದೆ ಯಜಮಾನರು ಅದನ್ನು ಊರಾಚೆಗೆ, ದೊಡ್ಡ ಇಳಿಜಾರಿನ ಬುಡದಲ್ಲಿದ್ದ ಗೋದಾಮುಗಳ ಪಕ್ಕಕ್ಕೆ ಸಾಗಿಸಿದರು. ಬಸ್ಸು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅದೇ ಹೊತ್ತಿಗೆ ಒಂದು ಭಾರಿ ಕೆಲಸವೂ ಸಿಕ್ಕಿತ್ತು. ಅಲ್ಲಿನ ಹೊಸ ಗೋದಾಮೊಂದರ ಉದ್ದನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅದರ ಕಂಪನಿಯ ಹೆಸರು ಬರೆಯಬೇಕು. ಆ ಗೋಡೆಗೆ ನೇರ ಬಿಸಿಲು ಬೀಳುತ್ತದೆ. ಬಿಸಿಲು ಏರಿತೆಂದರೆ ಬಣ್ಣ ಬ್ರಷ್ಷಿನಲ್ಲೇ ಒಣಗಿ ಎಳೆಯುತ್ತದೆ. ಹಾಗಾಗಿ ಬೆಳಗಿನ ತಂಪಿನಲ್ಲೇ ಏಣಿ ಹತ್ತಿರಬೇಕು.

"ಅಕ್ಕಾ, ನೀವು ದಿನಾ ಅಷ್ಟು ದೂರ ಅಷ್ಟು ಬೇಗ ಹೇಗೆ ಬರ್ತೀರ?" ಎಂದರು ಯಜಮಾನರು. ಅವರು ಹಳೇ ಯಜಮಾನರ ಮಗ, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಮನಸ್ಸೇನೂ ಕೆಟ್ಟದಲ್ಲ. "ಮನೇಲೇ ಕೂತು ಬಾಗಿಲಿಗೆ ಹಾಕೋ ಹೆಸರಿನ ಹಲಗೆ ಬರೆದುಕೊಡಿ. ನಾನೇ ಕಳಿಸಿಕೊಡ್ತೀನಿ. ಗೋಡೆಗೆ ಅಚ್ಚು ಹಾಕಿಸಿದ ಶೀಟ್ ತಂದು ಬಡಿದುಬಿಡೋಣ."

ಶೀಟ್! ಗೀಟಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಹೆಸರಿನ ಹಲಗೆ ಎಂದರೆ ಅಂಗೈಯಗಲದ್ದು, ಮೊಣಕೈ ಅಲ್ಲಾಡಿಸದೆ ಬರೆದು ಮುಗಿಸುವಂಥದ್ದು. ಒಮ್ಮೆ ಮನೆಯಲ್ಲಿ ಕೂತರೆ ಮತ್ತೆ ಯಾರೂ ಗೋಡೆಗೆ ಕರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಏಣಿಯ ತುದಿಯಲ್ಲಿ ನಿಂತು ತೋಳು ಪೂರ್ತಿ ಚಾಚಿ ಒಂದು ಅಕ್ಷರದ ಹೊಟ್ಟೆಯನ್ನು ಸುತ್ತುವಾಗ ಸಿಗುವ ಸುಖ ಈ ಜನ್ಮಕ್ಕೆ ಮುಗಿದ ಹಾಗೆ.

"ಸೋಮವಾರ ಬೆಳಿಗ್ಗೆ ನಿಮಗಿಂತ ಮೊದಲು ಅಲ್ಲಿರ್ತೀನಿ ಯಜಮಾನ್ರೇ," ಎಂದಳು. "ನನ್ನ ಗಾಡೀಲೇ ಬರ್ತೀನಿ."

"ಯಾವ ಗಾಡಿ?"

"ನೋಡ್ತೀರಲ್ಲ!"

ಯಾವ ಗಾಡಿ ಎಂದು ಆ ಗಳಿಗೆಯಲ್ಲಿ ಅವಳಿಗೂ ಗೊತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾದಿನಿಯ ಮನೆಯ ಮೆಟ್ಟಿಲ ಕೆಳಗೆ ಬಿದ್ದಿದ್ದ ಹಳೆಯ ಸೈಕಲ್ಲು ನೆನಪಾಯಿತು. ನಾದಿನಿಯ ಮಗಳು ಓದುವಾಗ ತುಳಿದದ್ದು. ನೆನಪಾದದ್ದೇ ತಡ, ಹೋಗಿ ಅದರ ಮೇಲಿದ್ದ ಮುರುಕು ಕುರ್ಚಿಯನ್ನೂ ಹಳೇ ಕಂಬಳಿಯನ್ನೂ ಸರಿಸಿ, ತಳ್ಳಿಕೊಂಡೇ ಮನೆಗೆ ತಂದಳು. ಟೈರು ಚಪ್ಪಟೆ, ಚೈನು ತುಕ್ಕು, ಸೀಟಿನಿಂದ ನಾರು ಹೊರಗೆ ಇಣುಕುತ್ತಿತ್ತು. ಅವಳ ಕಣ್ಣಿಗೆ ಮಾತ್ರ ಅದು ಆಗಲೇ ಲಕಲಕ ಹೊಳೆಯುತ್ತಿತ್ತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಅದನ್ನು ನೋಡಿ ಕನ್ನಡಕ ಸರಿಮಾಡಿಕೊಂಡ. "ಈ ವಯಸ್ಸಲ್ಲಿ ಬಿದ್ದು ಕೈಕಾಲು ಮುರ್ಕೊಂಡ್ರೆ? ನಮ್ಮ ಅಂಗಡೀಲಿ ಪಟ್ಟಿ ಸಿಗುತ್ತೆ, ಮೂಳೆ ಸಿಗಲ್ಲ."

"ಲೋ, ಸುಮ್ನಿರೋ!" ಎಂದು ಒಳಗಿನಿಂದ ಗದರಿದವರು ಅತ್ತೆ. ಮಂಡಿನೋವು ಅವರನ್ನು ಕುರ್ಚಿಗೆ ಕೂರಿಸಿತ್ತೇ ಹೊರತು ಬಾಯಿಯನ್ನಲ್ಲ. "ನಾನು ಕಾಲು ಗಟ್ಟಿ ಇದ್ದಾಗ ಒಂದು ಸಲನಾದ್ರೂ ಸೈಕಲ್ ಹತ್ತಬೇಕಿತ್ತು, ಹತ್ತಲಿಲ್ಲ. ಅವಳಾದ್ರೂ ಹತ್ತಲಿ. ನೀನು ಹೋಗಿ ಎಣ್ಣೆ ತಗೊಂಡು ಬಾ, ಚೈನಿಗೆ."

ಅತ್ತೆಯೇ ಸೊಸೆಯ ಪಕ್ಷ ವಹಿಸಿದ ಮೇಲೆ ಗಂಡನೆಂಬ ಪ್ರಾಣಿ ಏನು ಮಾಡಲಾದೀತು? ಎಣ್ಣೆ ತಂದ.

ಬೀದಿಯ ತಿರುವಿನಲ್ಲಿದ್ದ ಸೈಕಲ್ ರಿಪೇರಿಯವನನ್ನು ಎಲ್ಲರೂ ಪಂಕ್ಚರ್ ಚಿಕ್ಕಪ್ಪ ಎಂದೇ ಕರೆಯುತ್ತಿದ್ದರು. ಅವನು ಹೊಸ ಟೈರು ಟ್ಯೂಬು ಹಾಕಿದ, ಚಕ್ರದ ಅಂಕುಡೊಂಕು ತಿದ್ದಿದ, ಬ್ರೇಕಿಗೆ ಹೊಸ ರಬ್ಬರು ಕೂರಿಸಿದ. ಚಕ್ರದ ಎರಡೂ ಪಕ್ಕಕ್ಕೆ ರಬ್ಬರು ಬಂದು ಚಿಮಟದಂತೆ ಹಿಡಿಯುವ ಬ್ರೇಕು ಅದು. "ಒತ್ತಿ ನೋಡಕ್ಕಾ, ಬಂಡೆ ಹಿಡಿದ ಹಾಗೆ ನಿಲ್ಲುತ್ತೆ," ಎಂದ. ನಿಂತಿತು. ಮದುವೆಯೊಂದಕ್ಕೆ ಪರ ಊರಿಗೆ ಹೊರಟಿದ್ದ ಅವನು ಅಂದೇ ಅಂಗಡಿಗೆ ಬೀಗ ಹಾಕಿಕೊಂಡು ಹೋದ. ಅವನು ಊರಲ್ಲೇ ಇದ್ದಿದ್ದರೆ ಮುಂದಿನ ಕಥೆ ನಡೆಯುತ್ತಲೇ ಇರಲಿಲ್ಲ.

ಆಮೇಲೆ ಗೀಟಕ್ಕನ ಕೈಚಳಕ ಶುರುವಾಯಿತು. ಹಿಂದಿನ ಕ್ಯಾರಿಯರಿನ ಮೇಲೆ ಉದ್ದನೆಯ ತಗಡಿನ ಡಬ್ಬವನ್ನು ಬೋಲ್ಟ್ ಹಾಕಿ ಬಿಗಿದಳು. ಅದರೊಳಗೆ ಬ್ರಷ್ಷುಗಳ ಕೂದಲು ಬಾಗದಂತೆ ಮಲಗಿಸಲು ಮರದ ಹಲ್ಲುಗಳ ಪಟ್ಟಿ ಕೂರಿಸಿದಳು. ಬರೆಯುವಾಗ ಕೈಗೆ ಆಸರೆಯಾಗಿ ಬೋರ್ಡಿಗೆ ಆನಿಸಿಕೊಳ್ಳುವ ಉದ್ದನೆಯ ಕೋಲೊಂದು ಅವಳ ಹತ್ತಿರ ಸದಾ ಇರುತ್ತದೆ; ಅದನ್ನು ಹಳೇ ಟ್ಯೂಬಿನ ತುಂಡುಗಳಿಂದ ಸೈಕಲ್ಲಿನ ಮೈಗೆ ಕಟ್ಟಿದಳು. ಸೀಟಿಗೆ ಹೊಸ ಹೊದಿಕೆ ಬಂತು. ಅತ್ತೆ ತಮ್ಮ ಕೈಗನ್ನಡಿ ಕೊಟ್ಟು, "ಹ್ಯಾಂಡಲ್ಲಿಗೆ ಕಟ್ಕೋ, ಹಿಂದೆ ಬರೋರು ಕಾಣ್ತಾರೆ, ಮುಖಾನೂ ನೋಡ್ಕೋಬಹುದು," ಎಂದರು.

ಇನ್ನು ಬಣ್ಣ. ಮೈಗೆಲ್ಲ ಕಡು ಹಸಿರು, ಮಡ್‌ಗಾರ್ಡಿಗೆ ಕೆನೆ ಬಣ್ಣ, ಹಿಂದಿನ ಮಡ್‌ಗಾರ್ಡಿನ ಮೇಲೆ ದುಂಡಗೆ "ಸಾವಧಾನ". ಇಷ್ಟಾದ ಮೇಲೂ ಟೈರು ಕೂರುವ ಚಕ್ರದ ಉಕ್ಕಿನ ಬಳೆಗಳು ಬೋಳಾಗಿ ಉಳಿದಿದ್ದವು. ಬೋರ್ಡ್ ಬರೆಯುವವರ ಕಣ್ಣೇ ಹಾಗೆ: ಬೋಳು ಲೋಹ ಕಂಡರೆ ಬರಿಮೈಯ ಮಗುವನ್ನು ಕಂಡಂತೆ ಬಟ್ಟೆ ತೊಡಿಸಲು ಕೈ ತುರಿಸುತ್ತದೆ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲ್ ತಿರುಗಿಸಿದಳು. ಚಕ್ರ ಗಿರ್ರನೆ ಸುತ್ತಿತು. ಕೋಲಿಗೆ ಕೈ ಆನಿಸಿ, ಕೆಂಪು ಬಣ್ಣದ ಬ್ರಷ್ಷನ್ನು ಸುಮ್ಮನೆ ಬಳೆಗೆ ಮುಟ್ಟಿಸಿ ಹಿಡಿದಳು.

ಅಯ್ಯೋ ದೇವರೇ, ಅದೇನು ಚಂದ! ಕೈ ಎಳೆಯಲೇ ಇಲ್ಲ, ಗೀಟೇ ತಾನಾಗಿ ಓಡಿ ಬಂದು ತನ್ನ ಬಾಲವನ್ನು ತಾನೇ ಹಿಡಿಯಿತು. ಇಷ್ಟು ವರ್ಷ ಅವಳು ಗೀಟಿನ ಹಿಂದೆ ಹೋಗಿದ್ದಳು, ಇವತ್ತು ಗೀಟು ಅವಳ ಹತ್ತಿರ ಬಂದಿತ್ತು. ಹುಚ್ಚು ಹಿಡಿದವಳಂತೆ ಒಬ್ಬಳೇ ನಕ್ಕಳು. ಎರಡೂ ಚಕ್ರಗಳಿಗೆ, ಎರಡೂ ಪಕ್ಕಕ್ಕೆ ಹೊಳಪಿನ ಕೆಂಪು. ಅದು ಒಣಗಿದ ಮೇಲೆ ನಡುವೆ ಕೂದಲೆಳೆಯಷ್ಟು ಸಣ್ಣ ಹಳದಿ ಗೀಟು. ಅವಳು ಇದುವರೆಗೆ ಎಳೆದ ಗೀಟುಗಳಲ್ಲೆಲ್ಲ ಅದೇ ಸೈ.

ಭಾನುವಾರ ಸಂಜೆ ಬೀದಿಯಲ್ಲಿ ಸೈಕಲ್ಲಿನ ಮೆರವಣಿಗೆ. ಅತ್ತೆಯ ಕುರ್ಚಿಯನ್ನು ಬಾಗಿಲಾಚೆ ಹಾಕಿಸಲಾಗಿತ್ತು. ಹುಡುಗಿಯಾಗಿದ್ದಾಗ ಕಲಿತ ಸೈಕಲ್ಲು ಮರೆತಿರಲಿಲ್ಲ; ಗೀಟಕ್ಕ ಟ್ರಿಣ್ ಟ್ರಿಣ್ ಎಂದು ಬೀದಿಯ ಆ ಕೊನೆಗೆ ಹೋಗಿ ಈ ಕೊನೆಗೆ ಬಂದಳು. ಕೆಂಪು ಚಕ್ರಗಳು ಸುತ್ತಿದಾಗ ಹಳದಿ ಗೀಟು ಅಲುಗದೆ ನಿಂತಂತೆ ಕಾಣುತ್ತಿತ್ತು. ಇಸ್ತ್ರಿ ಅಂಗಡಿಯವನು ಇಸ್ತ್ರಿಯನ್ನು ಬಟ್ಟೆಯ ಮೇಲೆಯೇ ಮರೆತು ಹೊರಗೆ ಬಂದ. ಎದುರು ಮನೆಯ ಟೀಚರಮ್ಮ ಡಬ್ಬ ತೆಗೆದು ಮುಚ್ಚಿ ನೋಡಿದರು. ಒಬ್ಬರು ಸೀಟು ಸವರಿದರು, ಒಬ್ಬರು ಕನ್ನಡಿಯಲ್ಲಿ ತಲೆ ಬಾಚಿಕೊಂಡರು, ಗಂಟೆಯನ್ನಂತೂ ಬಾರಿಸದವರೇ ಇಲ್ಲ. ಬ್ರೇಕನ್ನು ಮಾತ್ರ ಯಾರೂ ಒತ್ತಲಿಲ್ಲ. ಸಮತಟ್ಟು ಬೀದಿ, ಗೀಟಕ್ಕ ಕಾಲು ಊರಿಯೇ ನಿಲ್ಲುತ್ತಿದ್ದಳು.

"ನನ್ನ ಸೊಸೆ ನಾಳೆಯಿಂದ ಇದರಲ್ಲೇ ಕೆಲಸಕ್ಕೆ ಹೋಗೋದು," ಎಂದು ಅತ್ತೆ ಕೇಳಿದವರಿಗೂ ಕೇಳದವರಿಗೂ ಹೇಳಿದರು. ಗಂಡನೂ ಕನ್ನಡಕ ಒರೆಸಿಕೊಂಡು ಒಂದು ಸುತ್ತು ಹೋಗಿಬಂದ. ಗೀಟಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಸೋಮವಾರ ಬೆಳಕು ಹರಿಯುವ ಹೊತ್ತಿಗೇ ಹೊರಟಳು. ಪೇಟೆ ದಾಟಿ ಇಳಿಜಾರಿನ ನೆತ್ತಿಗೆ ಬಂದಾಗ ಕೆಳಗೆ ಹೊಸ ಗೋದಾಮು, ಅದರ ಬಿಳಿ ಗೋಡೆ, ಗೋಡೆಯ ಮುಂದೆ ಸಣ್ಣಗೆ ಯಜಮಾನರು ಕಂಡರು. ಯಜಮಾನರೇ ಮೊದಲು ಬಂದಿದ್ದರು! ಮಾತು ತಪ್ಪಿತಲ್ಲ ಎಂದು ಗೀಟಕ್ಕ ಜೋರಾಗಿ ತುಳಿದಳು. ಗಾಳಿ ಕಿವಿಯಲ್ಲಿ ಭರ್ರೆಂದಿತು. ಎಷ್ಟೋ ವರ್ಷಗಳಿಂದ ಅಷ್ಟು ಖುಷಿಯಾಗಿರಲಿಲ್ಲ. ಬಾಯಿ ಬಿಟ್ಟು ಕೂಗಿಯೇಬಿಟ್ಟಳು.

ಅರ್ಧ ಇಳಿದ ಮೇಲೆ ಬ್ರೇಕು ಒತ್ತಿದಳು. ರಬ್ಬರು ಬಂದು ಹಿಡಿಯಿತು, ಹಿಡಿದು ಜಾರಿತು. ನುಣ್ಣನೆಯ ಎನಾಮೆಲ್ ಬಣ್ಣದ ಮೇಲೆ ಬೆಣ್ಣೆಯ ಹಾಗೆ ಜಾರಿತು. ಇನ್ನಷ್ಟು ಒತ್ತಿದಳು. ಸೈಕಲ್ಲು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಜೀವ ಬಾಯಿಗೆ ಬಂತು. ಉಳಿದದ್ದು ಗಂಟೆಯೊಂದೇ, ಅದನ್ನು ಬಿಡದೆ ಬಾರಿಸಿದಳು. ಗೋಡೆ ಬಂತು, ಯಜಮಾನರು ಬಂದರು, ಕಾರ್ಖಾನೆಯಲ್ಲಿ ಏಣಿ ಹಿಡಿಯುವುದೇ ಕೆಲಸವಾಗಿ ಏಣಿ ಭಾವ ಎಂದೇ ಹೆಸರಾದವನು ಬಂದ, ಎಲ್ಲರೂ ಹಿಂದಕ್ಕೆ ಹೋದರು. ಕೆಲಸದವರು ಇದೂ ಒಂದು ಆಟವೆಂದುಕೊಂಡು ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಗೋದಾಮಿನಾಚೆಯ ಬಯಲಿನಲ್ಲಿ ಚಕ್ರ ಹುಲ್ಲಿಗೆ ಸಿಕ್ಕಿ ಓಟ ತಗ್ಗಿತು. ಚಪ್ಪಲಿ ನೆಲಕ್ಕೆ ಉಜ್ಜಿ ಉಜ್ಜಿ ಕೊನೆಗೂ ನಿಂತಳು. ತಳ್ಳಿಕೊಂಡು ವಾಪಸು ಬಂದಳು.

"ಏನಕ್ಕಾ, ಸರ್ಕಸ್ಸು!" ಎಂದ ಏಣಿ ಭಾವ.

ಹೌದು ಎಂದು ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೀಟಕ್ಕನಿಗೆ ಆ ಬುದ್ಧಿ ಬರಲಿಲ್ಲ. "ಸರ್ಕಸ್ಸೂ ಇಲ್ಲ, ಮಣ್ಣೂ ಇಲ್ಲ. ಬ್ರೇಕು ಹಿಡೀಲಿಲ್ಲ," ಎಂದುಬಿಟ್ಟಳು.

ಏಣಿ ಭಾವ ಬಗ್ಗಿ ಚಕ್ರದ ಬಳೆಯ ಮೇಲೆ ಬೆರಳಾಡಿಸಿದ. ಬ್ರೇಕಿನ ರಬ್ಬರು ಕೆಂಪಾಗಿತ್ತು. "ಇದಕ್ಕೂ ಬಣ್ಣ ಹೊಡೆದ್ಯಾ? ಹಿಡಿಯೋ ಜಾಗಕ್ಕೇ?"

ಯಜಮಾನರ ಮುಖ ಬಿಳಿಚಿಕೊಂಡಿತ್ತು. "ಬೇಡ ಅಕ್ಕಾ. ನಿಮ್ಮ ಜೀವದ ಜತೆ ಆಟ ಬೇಡ. ಸಂಜೆ ನನ್ನ ಗಾಡೀಲಿ ಮನೆಗೆ ಬಿಡ್ತೀನಿ. ನಾಳೆಯಿಂದ ಹಲಗೆ ಕಳಿಸ್ತೀನಿ." ಹೇಳಿ ಮುಗಿಸಿ, ಶೀಟಿನವನಿಗೆ ಫೋನ್ ಮಾಡಿ, ಬಂದು ಗೋಡೆಯ ಅಳತೆ ತೆಗೆದುಕೊಳ್ಳಲು ತಿಳಿಸಿದರು.

ಗೀಟಕ್ಕ ಜಗಳವಾಡಲಿಲ್ಲ. ಡಬ್ಬ ತೆಗೆದು ಹಳೇ ಬಣ್ಣ ಕೆರೆಯುವ ಚಪ್ಪಟೆ ಅಲಗನ್ನೂ ಟರ್ಪೆಂಟೈನನ್ನೂ ಹೊರಗಿಟ್ಟಳು. ಸೈಕಲ್ಲನ್ನು ತಲೆಕೆಳಗು ಮಾಡಿದಳು. ತಪ್ಪಿದ ಅಕ್ಷರ ಕೆರೆಯುವುದು ಅವಳಿಗೆ ಹೊಸದಲ್ಲ. ಒಂದು ಕೂದಲೂ ತಪ್ಪದ ಗೀಟನ್ನು ಕೆರೆಯುವುದು ಹೊಸದು. ಆದರೂ ಅಲಗು ಇಟ್ಟಳು. ಏಣಿ ಭಾವ ಚಕ್ರ ತಿರುಗಿಸಿಕೊಟ್ಟ. ಹಳದಿಯೂ ಕೆಂಪೂ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿದ್ದವು, ಉಕ್ಕು ಬೋಳಾಯಿತು. ರಬ್ಬರನ್ನು ಮರಳು ಕಾಗದದಿಂದ ಉಜ್ಜಿದಳು. ಬಯಲಿನಲ್ಲಿ ಒಂದು ಸುತ್ತು ಹೊಡೆದು ಬ್ರೇಕು ಒತ್ತಿ ನೋಡಿದಳು. ಆಮೇಲೆ ಸೈಕಲ್ಲು ತಳ್ಳಿಕೊಂಡು ಇಳಿಜಾರು ಹತ್ತತೊಡಗಿದಳು.

"ಅಕ್ಕಾ, ಬೇಡ! ಅಕ್ಕಾ!" ಯಜಮಾನರು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ.

ನೆತ್ತಿಯಲ್ಲಿ ನಿಂತಾಗ ಭಯವಾಯಿತು. ನಿಜವಾಗಿಯೂ ಆಯಿತು. ಇಳಿಯದಿದ್ದರೆ ನಾಳೆಯಿಂದ ಹೆಸರಿನ ಹಲಗೆ. ಕಾಲೆತ್ತಿ ಪೆಡಲಿನ ಮೇಲಿಟ್ಟಳು.

ಅದೇ ಗಾಳಿ, ಅದೇ ಓಟ. ಬ್ರೇಕು ಒತ್ತಿದಳು, ಸೈಕಲ್ಲು ತಗ್ಗಿತು. ಬಿಟ್ಟಳು, ಓಡಿತು. ಮತ್ತೆ ಒತ್ತಿದಳು, ಮತ್ತೆ ಹೇಳಿದ ಮಾತು ಕೇಳಿತು. ಭಯ ಅರ್ಧ ದಾರಿಯಲ್ಲೇ ಇಳಿದುಹೋಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಂದು, ದಾರಿಗಡ್ಡ ಕೈ ಚಾಚಿ ನಿಂತಿದ್ದ ಯಜಮಾನರ ಎದುರು, ಮಾರು ದೂರದಲ್ಲೇ ನಿಂತಳು. ಏದುಸಿರು ಅವಳಿಗಿಂತ ಅವರಿಗೇ ಹೆಚ್ಚಿತ್ತು.

ಯಜಮಾನರು ಗೀರು ಬಿದ್ದ ಚಕ್ರಗಳನ್ನು ನೋಡಿದರು. ಅವಳ ಮುಖ ನೋಡಿದರು. ಜೇಬಿನಿಂದ ಫೋನ್ ತೆಗೆದರು.

"ಗೋಡೆ ಅಳತೆಗೆ ಬರಬೇಡಿ," ಎಂದರು ಶೀಟಿನವನಿಗೆ. "ಇಲ್ಲ, ಬೇರೆ ಯಾರಿಗೂ ಕೊಟ್ಟಿಲ್ಲ... ನಮ್ಮ ಅಕ್ಕ ಕೆಲಸಕ್ಕೆ ಬಂದಿದ್ದಾರೆ."

ಏಣಿ ಭಾವ ಆಗಲೇ ಏಣಿಯನ್ನು ಗೋಡೆಗೆ ಆನಿಸಿದ್ದ.