ಗಾಜಿಲ್ಲದೆ ಕೂಗಿದ ಯಂತ್ರ

ದೆವ್ವ-ಭೂತದ ಕಥೆ ಹೇಳುವವರನ್ನು ಕಂಡರೆ ನಾನು ನಕ್ಕುಬಿಡುತ್ತಿದ್ದೆ. ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಈಗಲೂ ಅಲ್ಲ ಎನ್ನಬೇಕೆಂದರೆ, ಬೀಳಗಿ ಕಡೆಯ ಆ ಒಂದು ಮಧ್ಯಾಹ್ನ ಅಡ್ಡ ಬರುತ್ತದೆ.

ಆಣೆಕಟ್ಟಿನ ಹಿನ್ನೀರು ಏರುತ್ತಿದ್ದ ವರ್ಷಗಳವು. ಮುಳುಗಲಿದ್ದ ಊರೊಂದರ ಹಳೆಯ ದಿಬ್ಬವನ್ನೂ ಸುತ್ತಲ ಬಯಲನ್ನೂ ಟೋಟಲ್ ಸ್ಟೇಷನ್ ಎಂಬ ಯಂತ್ರದಿಂದ ಅಳೆದು, ನಕ್ಷೆಯಾದರೂ ಉಳಿಯಲೆಂದು ಗೆಳೆಯನೊಬ್ಬನೂ ನಾನೂ ಕಂಪ್ಯೂಟರಿಗೆ ಇಳಿಸುತ್ತಿದ್ದೆವು. ಮೂರು ಕಾಲಿನ ಮೇಲೆ ಕೂತ ದುರ್ಬೀನು ಅದು. ದೂರದಲ್ಲಿ ಒಬ್ಬರು ಗಾಜು ಕೂರಿಸಿದ ಕೋಲು ಹಿಡಿಯಬೇಕು. ಕಿರಣ ಗಾಜಿಗೆ ತಾಗಿ ಮರಳಿದರೆ ಯಂತ್ರ ‘ಪೀ’ ಎಂದು ದೂರ ತೋರಿಸುತ್ತದೆ. ಗಾಜಿಲ್ಲದಿದ್ದರೆ ಅದು ಮೂಕ.

ಊರು ಆಗಲೇ ಖಾಲಿ. ಬಾಗಿಲು, ತೊಲೆಗಳನ್ನೆಲ್ಲ ಹೊಸ ಊರಿಗೆ ಸಾಗಿಸಿದ್ದರು; ಗೋಡೆಗಳು ಮಳೆಗೆ ಕರಗಿ ಬಯಲಾಗಿದ್ದವು. ಕುರಿ ಕಾಯುವ ಮನೆತನದ ಲಗಮವ್ವ ಮಾತ್ರ ದಿನಾ ಬಂದು ಅಲ್ಲಿ ಏನನ್ನೋ ಹುಡುಕುತ್ತಿದ್ದಳು. ವಿಚಾರಿಸಿದೆ.

“ಹಿತ್ತಲದಾಗ ನನ್ನ ಕೂಸಿನ್ನ ಮಣ್ಣ ಮಾಡಿದ್ವಿ ತಮ್ಮಾ. ನಾಯಿ ಕೆದರಬಾರದಂತ ಮ್ಯಾಲ ಒಡದ ಬೀಸುಕಲ್ಲ ಇಟ್ಟಿದ್ದೆ. ಈಗ ಮನಿ ಯಾವ್ದು, ಹಿತ್ತಲ ಯಾವ್ದು ತಿಳಿವಲ್ದು. ನೀರ ಬರೂದ್ರಾಗ ಒಂದ ಹಿಡಿ ಮಣ್ಣರ ಒಯ್ಯಬೇಕ. ನಿನ್ನ ದುರ್ಬೀನದಾಗ ಕಾಣತೈತೇನ?”

“ಇದು ಅಂಥಾದ್ದಲ್ಲ ಬೇ ಯವ್ವಾ,” ಎಂದೆ. ಹೇಳಿದ ಮೇಲೆ ಸಂಕಟವಾಯಿತು.

ಊಟಕ್ಕೆ ಕೂರುವ ಮುನ್ನ ಗಾಜು ಬಿಚ್ಚಿ ಪೆಟ್ಟಿಗೆಗೆ ಹಾಕಿದೆವು. ಯಂತ್ರ ಆರಿಸುವುದು ಮರೆತಿತ್ತು. ರೊಟ್ಟಿ ಮುರಿಯುವಷ್ಟರಲ್ಲಿ ಅದು ‘ಪೀ’ ಎಂದಿತು, ಅನ್ನುತ್ತಲೇ ಇತ್ತು. ಕಣ್ಣಿಟ್ಟು ನೋಡಿದರೆ ಬರೀ ಮಣ್ಣು. ಎಲ್ಲೋ ಡಬ್ಬಿಯ ಮುಚ್ಚಳ ಹೊಳೆಯುತ್ತಿರಬೇಕೆಂದು, ಜತೆಯ ಗೆಳೆಯನನ್ನು ದುರ್ಬೀನಿಗೆ ನಿಲ್ಲಿಸಿ, ಅವನು ಕೈ ತೋರಿದ ಕಡೆ ನಡೆದೆ. ಅಲ್ಲಿ ಏನೂ ಹೊಳೆಯುತ್ತಿರಲಿಲ್ಲ. ಹಿಂದೆಯೇ ಬಂದ ಲಗಮವ್ವ ಕೂತು ಬರಿಗೈಯಿಂದ ಮಣ್ಣು ಸರಿಸಿದಳು. ಗೇಣು ಆಳದಲ್ಲಿ ಬೀಸುಕಲ್ಲಿನ ಹೋಳು ಸಿಕ್ಕಿತು.

“ಇಲ್ಲೇ ಅದೀಯೇನ ನನ್ನವ್ವಾ,” ಎಂದು ಕಲ್ಲನ್ನು ಸವರಿದಳು.

ಹಿಡಿ ಮಣ್ಣನ್ನು ಉಡಿಯಲ್ಲಿ ಕಟ್ಟಿಕೊಂಡು, ಕಲ್ಲನ್ನು ಮತ್ತೆ ಮುಚ್ಚಿ ಹೊರಟಳು. ನಾನು ಯಂತ್ರದ ಬಳಿ ಓಡಿಬಂದೆ. ಅದೇ ಜಾಗಕ್ಕೆ ಎಷ್ಟು ಸಲ ಹಿಡಿದರೂ ಅದು ಮೂಕ. ಸೋತು, ಆಕೆ ಹೋಗುವುದನ್ನಾದರೂ ನೋಡೋಣವೆಂದು ದುರ್ಬೀನನ್ನು ದಾರಿಯ ಕಡೆ, ಆಕೆಯ ಬೆನ್ನಿಗೆ ತಿರುಗಿಸಿದೆ.

‘ಪೀ’ ಎಂದಿತು.

ಯಂತ್ರ ಕೆಟ್ಟಿತ್ತು ಎಂದು ಗೆಳೆಯ ಈಗಲೂ ವಾದಿಸುತ್ತಾನೆ. ಇರಬಹುದು, ಬೇರೆ ಕಾರಣ ನನಗೂ ಹೊಳೆದಿಲ್ಲ. ಆದರೆ ಆಕೆ ಹೊಸ ಊರಿನ ದಾರಿಯಲ್ಲಿ ಮರೆಯಾಗುವವರೆಗೆ ಅದು ಕೂಗುತ್ತಲೇ ಇತ್ತು, ಯಂತ್ರದ ತೆರೆಯ ಮೇಲೆ ದೂರ ಹೆಚ್ಚುತ್ತಲೇ ಹೋಯಿತು. ಕೂಸು ಅವ್ವನ ಜೊತೆ ಮನೆಗೆ ಹೊರಟಿದೆ ಎಂದೇ ಆಗ ನನಗನಿಸಿತ್ತು.