ವನಜಕ್ಕ ಮೂಸಿ ನೋಡಿದ ಕ್ಯಾಮರಾ

ಜೂನ್ ೨೨, ಭಾನುವಾರ. ಬರೆಯಲು ಕೂತದ್ದು ಬೆಳಗ್ಗೆ ಆರೂ ಮುಕ್ಕಾಲಿಗೆ.

ವನಜಕ್ಕ ಯಾವ ಕ್ಯಾಮರಾ ಕೈಗೆ ಸಿಕ್ಕಿದರೂ ಮೊದಲು ಮೂಸುತ್ತಿದ್ದಳು. ಲೆನ್ಸ್ ಬಿಚ್ಚಿ, ಬಾಯಿ ತೆರೆದ ಕ್ಯಾಮರಾವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹಲಸಿನ ಹಣ್ಣು ಆರಿಸುವವರ ಹಾಗೆ ಉಸಿರೆಳೆದುಕೊಳ್ಳುವಳು. ನಮ್ಮ ಕಡೆ ಲೆನ್ಸಿಗೆ ಬೂಷ್ಟು ಹಿಡಿಯುವುದು ಮನುಷ್ಯರಿಗೆ ನೆಗಡಿ ಬಂದಷ್ಟೇ ಸಹಜ. "ಕಣ್ಣಿಗೆ ಕಾಣೋ ಹೊತ್ತಿಗೆ ಕತೆ ಮುಗ್ದಿರ್ತದೆ, ಮೂಗಿಗೆ ಮೊದ್ಲೇ ಗೊತ್ತಾಗ್ತದೆ" ಎನ್ನುವಳು. ಯಾರೋ ಹೆಮ್ಮೆಯಿಂದ ತಂದ ಸೆಕೆಂಡ್ ಹ್ಯಾಂಡ್ ಕ್ಯಾಮರಾ ಮೂಸಿ, "ಇದನ್ನ ಒದ್ದೆ ಕೊಡೆ ಜೊತೆ ಇಟ್ಟಿದ್ರು" ಎಂದು ಅವರ ಸ್ನೇಹವನ್ನೇ ಕಳೆದುಕೊಂಡಿದ್ದಳು. ನನ್ನ ಡೈರಿಯ ಪ್ರಕಾರ ನಾನು ಕಂಡಂತೆ ಅವಳು ಮೂಸಿದ್ದು ಒಂಬತ್ತು, ಸರಿಯಾಗಿದ್ದು ಆರು. ತೋರಿಸಿದರೆ, "ಉಳಿದ ಮೂರಕ್ಕೆ ನಂಗೆ ಶೀತ ಆಗಿತ್ತು, ಅದನ್ನೂ ಬರ್ಕೋ" ಅಂದಳು.

ಸಾಗರದಲ್ಲಿ ನಾವಿಬ್ಬರೂ ಒಂದೇ ಕಟ್ಟಡದ ಬಾಡಿಗೆದಾರರು. ಅವಳು ಕೆಳಗೆ, ನಾನು ಮೇಲೆ. ನನಗೆ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ರಜೆಯ ದಿನ ಹಿನ್ನೀರಿನ ಕಡೆ ಹೋಗಿ ಹಕ್ಕಿ ಎಣಿಸಿ ಬರೆದಿಡುವುದು ಅಭ್ಯಾಸ. ಅದಕ್ಕಾಗಿ ಅವಳು ನನಗಿಟ್ಟ ಹೆಸರು ಚಿತ್ರಗುಪ್ತ. ಹೊಸನಗರದ ಕಡೆಯ ಹಳ್ಳಿಯಿಂದ ಹೊಲಿಗೆ ಕಲಿಯಲು ಬಂದವಳು, ದಿವಾಕರನ ಸ್ಟುಡಿಯೋದಲ್ಲಿ ಆಲ್ಬಂ ಅಂಟಿಸಲು ಸೇರಿ, ಅಲ್ಲಿಂದ ಕ್ಯಾಮರಾ ಹಿಡಿಯುವ ತನಕ ಬಂದಿದ್ದಳು. ದಿವಾಕರ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಮದುವೆ ಹಿಡಿಯುವ ತಂಡದ ಯಜಮಾನ.

ಆ ತಂಡಕ್ಕೆ ವನಜಕ್ಕ ಬೇಕಾಗಿದ್ದುದು ಒಂದು ಹೊಸ್ತಿಲಿನ ಕಾರಣಕ್ಕೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮದುಮಗಳಿಗೆ ಸೀರೆ ಉಡಿಸುವ ಕೋಣೆಗೆ ಕ್ಯಾಮರಾ ಹಿಡಿದ ಗಂಡಸರು ಕಾಲಿಡುವಂತಿಲ್ಲ. ಒಳಗಿನದೆಲ್ಲ ಅವಳ ಪಾಲು. ಜಡೆ ಹೆಣೆಯುವ ಅತ್ತಿಗೆ, ಪಿನ್ನು ಕಚ್ಚಿಕೊಂಡೇ ಬೈಯುವ ಚಿಕ್ಕಮ್ಮ, ಇದ್ದಕ್ಕಿದ್ದಂತೆ ಸುಮ್ಮನಾಗುವ ಹುಡುಗಿ. ದಿವಾಕರನ ಆಲ್ಬಂ ನೋಡಿ ಜನ ಯಾವ ಪುಟದಲ್ಲಿ ಕೈ ನಿಲ್ಲಿಸುತ್ತಾರೋ ಆ ಪುಟ ಬಹುಪಾಲು ಅವಳದಾಗಿರುತ್ತಿತ್ತು. ಆದರೆ ಕ್ಯಾಮರಾ ದಿವಾಕರನದು. ಅದರ ಬಾಡಿಗೆಯನ್ನು ಅವಳ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದ. ಅವನ ತಂಡದಲ್ಲಿ ಒಂದು ಕಟ್ಟಳೆ ಇತ್ತು. ಸ್ವಂತ ಕ್ಯಾಮರಾ ಇದ್ದವರು ಮಾತ್ರ ಫೋಟೋಗ್ರಾಫರ್. ಅವರ ಹೆಸರು ಆಲ್ಬಮ್ಮಿನ ಕೊನೆಯ ಪುಟದಲ್ಲಿ ಅಚ್ಚಾಗುತ್ತದೆ. ಇಲ್ಲದವರು 'ನಮ್ಮ ಹುಡುಗರು'. ನಲವತ್ತರ ಹತ್ತಿರ ಬಂದಿದ್ದ ವನಜಕ್ಕನೂ 'ನಮ್ಮ ಹುಡುಗರಲ್ಲಿ' ಒಬ್ಬಳು.

ಹಾಗಾಗಿ ಅವಳಿಗೆ ತನ್ನದೇ ಕ್ಯಾಮರಾ ಬೇಕಿತ್ತು. ಅದೂ ಮಿರರ್‌ಲೆಸ್. ಒಳಗೆ ಮೇಲೆ ಕೆಳಗೆ ಹಾರುವ ಕನ್ನಡಿ ಇಲ್ಲದ್ದರಿಂದ ಸದ್ದಿಲ್ಲದೆ ಚಿತ್ರ ತೆಗೆಯಬಹುದು.

"ಟಕ್ ಅಂದ ಕೂಡ್ಲೆ ಹುಡ್ಗಿ ಮುಖ ಇಸ್ತ್ರಿ ಹಾಕ್ದ ಹಾಗೆ ಆಗ್ತದೆ ಮಾರಾಯ. ಅಳು ಬರೋದಿದ್ರೂ ವಾಪಸ್ ಹೋಗ್ತದೆ. ಸದ್ದಿಲ್ದಿದ್ರೆ ನಾನು ಕೋಣೇಲಿ ಇದ್ದೀನಿ ಅನ್ನೋದೇ ಮರ್ತು ಹೋಗ್ತದೆ ಅವ್ಳಿಗೆ."

ಹೊಸದು ಅವಳ ಕೈಗೆ ಎಟುಕುವಂತಿರಲಿಲ್ಲ. ಹಳೆಯದೊಂದು ಅರಳಸುರಳಿ ಹತ್ತಿರದ ನಿವೃತ್ತ ಮೇಷ್ಟ್ರ ಮನೆಯಲ್ಲಿದೆ ಎಂದು ತಿಳಿದಾಗ ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ಮಗಳು ಕೊಡಿಸಿದ ಕ್ಯಾಮರಾವನ್ನು ಮೇಷ್ಟ್ರು ಎರಡು ಪ್ರವಾಸಕ್ಕೆ ಒಯ್ದು, ಆಮೇಲೆ ಪಸೆ ತಾಗಬಾರದೆಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಕ್ಯಾಮರಾದ ಬಾಯಿಗೆ ಮುಚ್ಚಳ ಹಾಕುವುದನ್ನು ಮರೆತಿದ್ದರು. ವನಜಕ್ಕ ಮೂಸಿದಳು.

"ಬೂಷ್ಟಿಲ್ಲ. ಆದ್ರೆ ಹೊಟ್ಟೆ ತುಂಬ ತೌಡು ತಿಂದಿದೆ ಮೇಷ್ಟ್ರೆ. ಇನ್ನೆರಡು ತಿಂಗ್ಳು ಬಿಟ್ಟಿದ್ರೆ ಕರು ಹಾಕ್ತಿತ್ತು."

ಮೇಷ್ಟ್ರು ನಕ್ಕು ಒಳಗಿನಿಂದ ಕಾಫಿ ತರಿಸಿದರು. ಅವಳು ಗಾಳಿಯ ಬುರುಡೆಯಿಂದ ಊದಿ ಊದಿ ತೌಡು ಹಾರಿಸಿ, ಜಗುಲಿಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿಯ ಚಿತ್ರ ತೆಗೆದಳು. ಸದ್ದೇ ಇಲ್ಲ. ಆಕೆ ಬಾಳೆಕಾಯಿ ಹೆಚ್ಚುತ್ತಲೇ ಇದ್ದರು. ವನಜಕ್ಕ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ನಾನು ಡೈರಿಯಲ್ಲಿ ಎರಡು ಸಾಲು ಎಳೆದೆ, ಕೊಳ್ಳಬಹುದು ಒಂದು ಕಡೆ, ಕೊಳ್ಳಬಾರದು ಇನ್ನೊಂದು ಕಡೆ. ಬಾರದು ಕಡೆ: ಮೆಮೊರಿ ಕಾರ್ಡ್ ಒಂದೇ ಹಿಡಿಸುತ್ತದೆ, ಅದು ಕೆಟ್ಟರೆ ಇಡೀ ಮದುವೆ ಹೋಯಿತು. ಬ್ಯಾಟರಿ ಬೇಗ ಇಳಿಯುತ್ತದೆ. ಟ್ಯೂಬ್‌ಲೈಟಿನಡಿ ಸದ್ದಿಲ್ಲದೆ ತೆಗೆದರೆ ಪಟ್ಟೆ ಬೀಳುತ್ತದೆ. ಕತ್ತಲೆಯಲ್ಲಿ ಫೋಕಸ್ ಹಿಡಿಯುವುದು ನಿಧಾನ. ಬಿಡಿಭಾಗ ಸಿಗುವುದು ಕಷ್ಟ. ಬಹುದು ಕಡೆ: ಬೆಲೆ, ಹಗುರ, ಚಿತ್ರದ ಬಣ್ಣ, ಮೌನ.

"ಬಾರದೇ ಜಾಸ್ತಿ ಇದೆ" ಎಂದೆ.

"ಎಣ್ಸಿದ್ರೆ ಜಾಸ್ತಿ. ತೂಗಿ ನೋಡು" ಎಂದಳು.

ಆಮೇಲೆ ಮೆನು ತೆರೆದು, ಚಿತ್ರ ತೆಗೆಯುವವರ ಹೆಸರು ತುಂಬುವ ಜಾಗ ಹುಡುಕಿ, ಅಕ್ಷರ ಒಂದೊಂದೇ ಒತ್ತುತ್ತ ತನ್ನ ಹೆಸರು ಬರೆದಳು. ಅಲ್ಲಿ ಬರೆದ ಹೆಸರು ಚಿತ್ರದ ಮೇಲೆ ಕಾಣುವುದಿಲ್ಲ. ಆದರೆ ಅದರಲ್ಲಿ ತೆಗೆದ ಪ್ರತಿ ಚಿತ್ರದ ಫೈಲಿನೊಳಗೆ ಸೇರಿಕೊಂಡಿರುತ್ತದೆ. ಇನ್ನೂ ಕೊಂಡೇ ಇಲ್ಲವಲ್ಲ ಎಂದರೆ, "ತೊಟ್ಲು ತೂಗಿ ನೋಡ್ಬಾರ್ದಾ?" ಎಂದು ನಕ್ಕಳು. ಮುಂದಿನ ಭಾನುವಾರದ ತನಕ ಬೇರೆ ಯಾರಿಗೂ ಕೊಡುವುದಿಲ್ಲವೆಂದು ಮೇಷ್ಟ್ರು ಮಾತು ಕೊಟ್ಟರು.

ಆ ಸಂಜೆಯೇ ಕೊಂಡಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಆದರೆ ನಮ್ಮ ಕಡೆ ದನ ಕೊಳ್ಳುವಾಗಲೂ ಸೈಟು ಕೊಳ್ಳುವಾಗಲೂ ಯಾರ ಕೈಕೆಳಗಿದ್ದೇವೋ ಅವರನ್ನು 'ಒಂದು ಮಾತು' ಕೇಳುವ ರೂಢಿಯಿದೆ. ಅದು ಒಪ್ಪಿಗೆಯಲ್ಲ, ಮರ್ಯಾದೆ. ಕೇಳದಿದ್ದರೆ ಬೇಸರವಾಗುತ್ತದೆ, ಬೇಸರವಾದರೆ ಮುಂದಿನ ಮದುವೆಗೆ ಕರೆ ಬರುವುದಿಲ್ಲ. "ದಿವಾಕ್ರನ ಹತ್ರ ಒಂದು ಮಾತು ಕೇಳ್ಬಿಡ್ತೀನಿ. ನೀನೂ ಬಾ, ನಿನ್ನ ಪುಸ್ತಕ ತಗಂಬಾ" ಎಂದಳು.

ದಿವಾಕರ ನನ್ನ ಡೈರಿ ತೆಗೆದುಕೊಂಡು ಬಾರದು ಕಡೆಯ ಸಾಲನ್ನಷ್ಟೇ ಓದಿದ.

"ಕಾರ್ಡ್ ಒಂದೇ. ಬ್ಯಾಟ್ರಿ ನಿಲ್ಲಲ್ಲ. ಪಾರ್ಟ್ಸ್ ಸಿಗಲ್ಲ. ಎಲ್ಲಾ ಇವ್ನೇ ಬರ್ದಿದಾನಲ್ಲ ವನಜಾ. ಇದೆಲ್ಲ ಮುಗ್ದೋದ ಮಾಡೆಲ್. ನಾನಾಗಿದ್ರೆ ಕೈಯಲ್ಲೂ ಮುಟ್ಟಲ್ಲ."

"ಸದ್ದಿಲ್ಲ ಅದ್ಕೆ" ಎಂದಳು ವನಜಕ್ಕ.

"ಮದ್ವೆ ಮನೇಲಿ ವಾಲಗ ಊದ್ತಿರ್ತಾರೆ, ನಿನ್ ಕ್ಯಾಮರಾದ್ ಸದ್ದು ಯಾರಿಗ್ ಕೇಳ್ತದೆ? ಒಂದು ವರ್ಷ ತಡಿ. ನಾನೇ ಒಳ್ಳೇದು ನೋಡಿ ಕೊಡಿಸ್ತೀನಿ."

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎದ್ದು ಹೊರಡುವಾಗ ಕೇಳಿದ: "ಎಲ್ಲಿ ಅಂದೆ, ಅರಳಸುರಳಿನಾ?" ವನಜಕ್ಕ ಮೇಷ್ಟ್ರ ಮನೆಯ ದಾರಿಯನ್ನೂ ಹೇಳಿದಳು. ಮಾರನೆಯ ದಿನ ಮೇಷ್ಟ್ರಿಗೆ ಫೋನ್ ಮಾಡಿ, ಬೇರೆಯವರಿಗೆ ಕೊಡಿ, ಕಾಯಬೇಡಿ ಎಂದಳು.

ಮೂರು ವಾರದ ಮೇಲೆ ತುಮರಿ ಕಡೆ ಒಂದು ಮದುವೆ. ಅದೇ ಬೆಳಗ್ಗೆ ನಾನೂ ಹಕ್ಕಿ ನೋಡಲು ಹೊರಟಿದ್ದೆ. ಹಿನ್ನೀರು ದಾಟುವ ಲಾಂಚಿನಲ್ಲಿ ತಂಡವೆಲ್ಲ ಸಿಕ್ಕಿತು. ನಡುನೀರಿನಲ್ಲಿ ದಿವಾಕರ ಚೀಲ ಬಿಚ್ಚಿ ಎಲ್ಲರಿಗೂ ಕ್ಯಾಮರಾ ಹಂಚಿದ. ವನಜಕ್ಕನ ಕೈಗೆ ಒಂದು ಸಣ್ಣ ಕಪ್ಪು ಕ್ಯಾಮರಾ ಬಂತು. ಅವಳು ಅಭ್ಯಾಸಬಲದಿಂದ ಲೆನ್ಸ್ ಬಿಚ್ಚಿ ಮೂಸಿದಳು. ಮೂಸಿದವಳು ಹಾಗೇ ನಿಂತಳು.

"ತೌಡು" ಎಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ದಿವಾಕರ ನೀರಿನ ಕಡೆ ನೋಡುತ್ತಲೇ ಹೇಳಿದ: "ಒಳಗಿನ ಕೋಣೆಗೆ ಅಂತ್ಲೇ ತಗಂಡೆ ವನಜಾ. ನಿಂಗೆ ಅನುಕೂಲ ಆಗ್ಲಿ ಅಂತ. ಬಾಡ್ಗೆ ಮೊದ್ಲಿನಷ್ಟೇ ಇರ್ಲಿ, ಜಾಸ್ತಿ ಎಂತ ಬೇಡ."

ಅವಳು ಜಗಳವಾಡುತ್ತಾಳೆ ಎಂದುಕೊಂಡೆ. ನನಗೆ, ಹಾಲಿನವನಿಗೆ, ಕರೆಂಟ್ ಬಿಲ್ಲಿನವನಿಗೆ ಬಿಡದೆ ಜಾಡಿಸುತ್ತಿದ್ದ ನಾಲಿಗೆ ಅದು. ಅವಳು ಲೆನ್ಸ್ ಹಾಕಿ, ಪಟ್ಟಿಯನ್ನು ಕೊರಳಿಗೆ ಸರಿಮಾಡಿಕೊಂಡು, "ಲಾಂಚಿಂದ ಇಳ್ದು ಎಷ್ಟು ದೂರ?" ಎಂದು ಕೇಳಿದಳು, ಅಷ್ಟೆ. ಮದುವೆಮನೆಯಲ್ಲಿ ಅಜ್ಜಿಯೊಬ್ಬರು ಆ ಪುಟ್ಟ ಕ್ಯಾಮರಾ ನೋಡಿ, "ಇದೆಂತದೇ ಕೂಸೇ, ಎಂಗೊ ಎಲ್ಲ ಇದ್ರಲ್ಲಿ ಹಿಡಿತ್ಯನೇ?" ಎಂದರಂತೆ, ನಾವೆಲ್ಲ ಇದರಲ್ಲಿ ಹಿಡಿಸುತ್ತೇವಾ ಎಂದು. "ಹಿಡಿಸ್ತೀನಿ ಅಜ್ಜಿ. ನಾನೊಬ್ಳೇ ಹಿಡ್ಸಲ್ಲ ಇದ್ರಲ್ಲಿ" ಎಂದಳಂತೆ. ಇದನ್ನು ಹೇಳುವಾಗ ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಎರಡು ವರ್ಷ ಆ ಕ್ಯಾಮರಾದಲ್ಲೇ ದುಡಿದಳು. ಅವಳ ಅತ್ಯುತ್ತಮ ಚಿತ್ರಗಳು ಆಗಿನವೇ. ಅಳುವಿಗೆ ಮೊದಲು ಮುಖ ಹೇಗೆ ಸಡಿಲವಾಗುತ್ತದೆ ಎಂಬುದನ್ನು ನಾನು ಕಂಡದ್ದು ಆ ಚಿತ್ರಗಳಲ್ಲಿ. ಆಲ್ಬಮ್ಮಿನ ಕೊನೆಯ ಪುಟದಲ್ಲಿ ದಿವಾಕರನ ಹೆಸರೇ ಇರುತ್ತಿತ್ತು. ಒಂದು ವರ್ಷ ತಡಿ ಎಂದವನಿಗೆ ಆ ಮಾತನ್ನು ಯಾರೂ ನೆನಪಿಸಲಿಲ್ಲ.

ಕೊನೆಯ ಭೇಟಿ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ. ಒಂದು ಬ್ಯಾಗು, ಒಂದು ಹೊಲಿಗೆ ಯಂತ್ರದ ತಲೆ. ಮನೆ ಖಾಲಿ ಮಾಡುವುದನ್ನು ನನಗೆ ಹೇಳಿರಲಿಲ್ಲ.

"ಎಲ್ಲಿಗೆ ವನಜಕ್ಕಾ?"

"ಮೊದ್ಲು ಶಿವಮೊಗ್ಗ. ಆಮೇಲೆ ನೋಡ್ಬೇಕು."

"ದಿವಾಕರನಿಗೆ ಹೇಳಿದೆಯಾ?"

"ಈ ಸಲ ಒಂದು ಮಾತೂ ಕೇಳ್ಲಿಲ್ಲ" ಎಂದಳು. ಬಸ್ಸು ಬಂತು. ಯಂತ್ರದ ತಲೆಯನ್ನು ನಾನೇ ಎತ್ತಿ ಕೊಟ್ಟೆ. ಆ ಮೇಲೆ ಅವಳ ನಂಬರು ಚಾಲ್ತಿಯಲ್ಲಿಲ್ಲ.

ನಿನ್ನೆ ಮಧ್ಯಾಹ್ನ ದಿವಾಕರನ ಸ್ಟುಡಿಯೋಗೆ ಹೋಗಿದ್ದೆ. ಹಳೆಯ ಸಾಮಾನು ಮಾರುತ್ತಿದ್ದಾನೆಂದು ಕೇಳಿದ್ದೆ. ಅದೇ ಕ್ಯಾಮರಾ ಗಾಜಿನ ಕಪಾಟಿನಲ್ಲಿತ್ತು. ಇದನ್ನು ಈಗ ಕೊಳ್ಳಬಹುದೇ ಎಂದು ಕೇಳಿದೆ.

"ಕಣ್ ಮುಚ್ಕೊಂಡ್ ತಗೋ. ಹಳೇದಾದ್ರೇನು, ಈ ಬಣ್ಣ ಹೊಸದ್ರಲ್ಲಿ ಬರಲ್ಲ. ಹಗುರ. ಸದ್ದೇ ಇಲ್ಲ ನೋಡು."

ಬಹುದು ಎಂದು ನಾನು ಬರೆದಿದ್ದ ಸಾಲನ್ನೇ, ಅಂದು ಓದದೆ ಬಿಟ್ಟಿದ್ದನ್ನು, ಈಗ ಬಾಯಿಪಾಠ ಒಪ್ಪಿಸುತ್ತಿದ್ದ. ನಾನು ಕ್ಯಾಮರಾ ತೆಗೆದುಕೊಂಡು ಮೂಸಿದೆ. ತೌಡಿನ ವಾಸನೆ ಹೋಗಿದೆ, ಸ್ಟುಡಿಯೋದ ಸುಗಂಧದ ಡಬ್ಬಿಯ ವಾಸನೆ ಬಂದಿದೆ. ಮೆನು ತೆರೆದೆ. ತೆಗೆಯುವವರ ಹೆಸರಿನ ಜಾಗದಲ್ಲಿ ಅವಳ ಹೆಸರು ಹಾಗೇ ಇತ್ತು. ಅವಳು ಹೋದ ಮೇಲೆ ಬೇರೆಯವರು ತೆಗೆದ ಚಿತ್ರಗಳಿಗೂ ಅದು ಅಂಟಿಕೊಂಡಿರಬೇಕು. ದಿವಾಕರ ಆ ಪುಟ ತೆರೆದೇ ಇಲ್ಲ.

ಹಕ್ಕಿಗೆ ಈ ಕ್ಯಾಮರಾ ಸಾಲದು. ಬಾರದು ಕಡೆಯ ಸಾಲು ಈಗ ಇನ್ನೂ ಉದ್ದವಾಗಿದೆ, ಅದರಲ್ಲಿ ಮೊದಲನೆಯದು ದಿವಾಕರನಿಗೆ ಲಾಭ ಮಾಡಿಕೊಡುವುದು. ಆದರೂ ಕೊಂಡೆ. ಬೇರೆ ಯಾರು ಕೊಂಡರೂ ಮೊದಲು ಅಳಿಸುವುದು ಆ ಹೆಸರನ್ನೇ. ಈಗ ಅದು ನನ್ನ ಮೇಜಿನ ಮೇಲಿದೆ. ಇದರಿಂದ ಅವಳಿಗೇನೂ ಸಿಕ್ಕಿಲ್ಲ ಎಂಬುದೂ ನನಗೆ ಗೊತ್ತು.

ಅವಳು ಈ ಕ್ಯಾಮರಾ ಹಿಡಿದ ಆ ಎರಡು ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಮದುವೆಯಾಗಿ, ಮದುಮಗಳ ಕೋಣೆಯ ಚಿತ್ರಗಳನ್ನು ಇಟ್ಟುಕೊಂಡವರು ಆಲ್ಬಂ ಬಿಟ್ಟು ಪೆನ್‌ಡ್ರೈವ್ ತೆರೆಯಿರಿ. ಫೈಲಿನ ವಿವರದಲ್ಲಿ ವನಜಾ ಎಂದಿದ್ದರೆ ನನಗೆ ಬರೆಯಿರಿ. ಅವಳು ಎಲ್ಲಿದ್ದಾಳೆಂದು ಬಲ್ಲವರೂ ಬರೆಯಿರಿ. ಅವಳನ್ನು ಒಂದು ಮಾತು ಕೇಳಬೇಕಾಗಿದೆ, ಕ್ಯಾಮರಾ ಎಲ್ಲಿಗೆ ತಂದುಕೊಡಲಿ ಎಂದು.